ಲೇಕ್ ವ್ಯೂ ಮನೆಯ ಮೂರು ಫೋಟೋಗಳು

ಒಂದು ಮನೆಯ ಫೋಟೋ ತೆಗೆಯಲು ಎಷ್ಟು ಹೊತ್ತು ಬೇಕು, ಊಹಿಸಿ ನೋಡೋಣ. ಅರ್ಧ ಗಂಟೆ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು. ಅಷ್ಟರಲ್ಲಿ ನನ್ನ ಮೇಲೆ ಸಿಟ್ಟಾಗದೆ ಉಳಿದವನು ನಾನೊಬ್ಬನೇ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಊರವರ ಗಡಿ ಅಳೆದು ಬೈಸಿಕೊಂಡವನಿಗೆ ಇಂಥವು ನಡೆಯುತ್ತಲೇ ಇರುತ್ತವೆ, ಬಿಡಿ.

ನಮ್ಮ ಮನೆ ಇದ್ದದ್ದು ತೆರಕಣಾಂಬಿಗೆ ಹತ್ತಿರ, ಕೆರೆ ದಂಡೆಯ ದಿಬ್ಬದ ಮೇಲೆ. ಬಸ್ಸಿಳಿದು ಮೂವತ್ತೊಂದು ಮೆಟ್ಟಿಲು ಹತ್ತಬೇಕು. ನನ್ನ ಹೆಂಡತಿಯ ಮಂಡಿ ಹದಿನೆಂಟನೆಯದಕ್ಕೇ ನಿಂತುಬಿಡುತ್ತಿತ್ತು. ಇನ್ನೊಂದು ಬೇಸಿಗೆ ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಅವಳು ಕಡ್ಡಿ ಮುರಿದಂತೆ ಹೇಳಿದ ಮೇಲೆ ಗುಂಡ್ಲುಪೇಟೆಯ ಬ್ರೋಕರ್ ಒಬ್ಬನನ್ನು ಹಿಡಿದೆ. ಒಳ್ಳೆ ಫೋಟೋ ಇದ್ದರೆ ಮೈಸೂರಿನವರು ಹಾರಿ ಬಂದು ಕೊಳ್ಳುತ್ತಾರೆ, ಇಲ್ಲದಿದ್ದರೆ ತಿರುಗಿಯೂ ನೋಡುವುದಿಲ್ಲ ಎಂದ.

ಅತ್ತೆಯವರು

ಬ್ರೋಕರನ ಮೊದಲ ಅಪ್ಪಣೆ: ಗೋಡೆಯ ಮೇಲೆ ಮನೆಯವರ ಫೋಟೋ ಒಂದೂ ಇರಕೂಡದು. ಕೊಳ್ಳುವವನಿಗೆ ಇದು ತನ್ನದೇ ಮನೆ ಅನ್ನಿಸಬೇಕಂತೆ. ನಾನು ಹನ್ನೊಂದು ಫೋಟೋ ಇಳಿಸಿದೆ. ಅದರಲ್ಲಿ ತೀರಿಕೊಂಡ ನಮ್ಮ ಅತ್ತೆಯವರದೂ ಒಂದು. ಜಾಗ ಸಾಲದೆ ಅವರನ್ನು ಉಗ್ರಾಣದಲ್ಲಿ ತೆಂಗಿನಕಾಯಿ ರಾಶಿಯ ಮೇಲೆ ಒರಗಿಸಿದ್ದೆ.

ಹೆಂಡತಿ ಚಟ್ನಿಗೆ ಕಾಯಿ ತರಲು ಹೋದವಳು ಅವ್ವನನ್ನೇ ಎತ್ತಿಕೊಂಡು ಬಂದಳು. "ಬದುಕಿದ್ದಾಗ ನಮ್ಮವ್ವ ಈ ಮನೇಲಿ ಮೂರು ದಿನದ ಮೇಲೆ ನಿಂತವಳಲ್ಲ. ಈಗ ಒಂದು ಮೊಳೆಗೆ ನೇತಾಡ್ಕೊಂಡಿರೋಕೂ ನಿಮ್ಮ ಅಪ್ಪಣೆ ಬೇಕಾ?"

ಅವಳೇ ಸ್ಟೂಲ್ ಹಾಕಿಕೊಂಡು ನಡುಗೋಡೆಗೆ ತಗುಲಿಹಾಕಿದಳು. ಸುತ್ತ ಹತ್ತು ಫೋಟೋ ಇಳಿಸಿದ ಜಾಗದಲ್ಲಿ ಸುಣ್ಣ ಮಾಸದೆ ಹತ್ತು ಬಿಳಿ ಚೌಕ. ಮಧ್ಯೆ ಅತ್ತೆ. ತೆರಕಣಾಂಬಿಯ ಫೋಟೋದವನಿಂದ ತೆಗೆಸಿ ಕಳಿಸಿದ್ದನ್ನು ನೋಡಿ ಬ್ರೋಕರ್ ಫೋನಿನಲ್ಲೇ ಹರಿಹಾಯ್ದ: "ಏನ್ ಸಾರ್ ಇದು, ಕಳ್ರು ಬಂದು ಎಲ್ಲಾ ದೋಚ್ಕೊಂಡು, ಆ ಯಮ್ಮಂಗೆ ಹೆದ್ರಿ ಅವ್ರನ್ನ ಮಾತ್ರ ಬುಟ್ಟು ಓದಂಗದೆ."

ಕೆರೆ ಮಾರಾಟ

ಎರಡನೇ ಸಲ ಒಳಗಿನ ಸಹವಾಸವೇ ಬೇಡ, ಮನೆಯ ಹಿಂದಿನ ನೀರು ಕಾಣಲಿ ಅಂದ. ಅದಕ್ಕೊಂದು ಹೆಸರೂ ಇಟ್ಟ, ಲೇಕ್ ವ್ಯೂ. ನಮ್ಮ ದಂಡೆಯಲ್ಲಿ ದಿನಾ ಬೆಳಿಗ್ಗೆ ಎಮ್ಮೆ ತೊಳೆಯುವವನೊಬ್ಬನಿದ್ದ. ಹಿಂದಿನ ಸಂಜೆ ಅವನನ್ನು ಕರೆದು, ಮನೆ ಮಾರುತ್ತಿದ್ದೇನಪ್ಪ, ನಾಳೆ ಕೆರೆ ಫೋಟೋ ತೆಗೆಯುತ್ತಾರೆ, ಎಮ್ಮೆ ಇಳಿಸಬೇಡ ಎಂದೆ.

ಅವನು ನನ್ನನ್ನು ಒಂದು ಥರಾ ನೋಡಿ ಹೋದ. ಕತ್ತಲಾಗುವ ಮುಂಚೆ ಅರ್ಧ ಊರು ನಮ್ಮ ಮೆಟ್ಟಿಲ ಮೇಲಿತ್ತು. ಹಿಂದೆ ಅದೇ ಕೆರೆಯ ಒತ್ತುವರಿ ಅಳೆದವನು ನಾನೇ, ನೋಡಿ.

"ಅಳಿಯಕ್ಕೆ ಬಂದೋರು ಅಳ್ಕಂಡೇ ಓದ್ರಾ ಕೆರೆಯ?" ಎಂದು ಎಮ್ಮೆಯವನು ಕೂಗಿದ. "ನಮ್ಮೆಮ್ಮೆ ನಿಮ್ ಬಚ್ಚಲ್ಗೆ ತಂದ್ ತೊಳಿಯನಾ ಸಾ?"

ಮಾರ್ತಿರೋದು ಮನೆ ಮಾತ್ರ ಕಣ್ರಪ್ಪಾ, ಕೆರೆಯಲ್ಲ ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಹಕ್ಕು ತೋರಿಸಲು ಮರುದಿನ ಊರಿನ ಅಷ್ಟೂ ಎಮ್ಮೆ ನೀರಿಗಿಳಿದವು. ಎಂದೂ ಕೆರೆ ಕಾಣದ ಹಸುಗಳೂ ಬಂದಿದ್ದವು. ಫೋಟೋದಲ್ಲಿ ನೀರಿಗಿಂತ ಕೊಂಬೇ ಹೆಚ್ಚು. ಲೇಕ್ ವ್ಯೂ ಕಳಿಸಿ ಅಂದರೆ ದನದ ಜಾತ್ರೆ ಕಳಿಸಿದ್ದೀರಲ್ಲ ಎಂದು ಬ್ರೋಕರ್ ಫೋನ್ ಕುಕ್ಕಿದ.

ಸ್ಟೇಜು

ಇದೇ ಕೊನೇ ಸಲ, ಆಮೇಲೆ ನೀವುಂಟು ನಿಮ್ಮ ಕೆರೆಯುಂಟು ಎಂದು ಬ್ರೋಕರ್ ಖಡಾಖಂಡಿತವಾಗಿ ಹೇಳಿದ. ಹೆಂಡತಿ ಮಂಡಿಗೆ ಎಣ್ಣೆ ತಿಕ್ಕುತ್ತ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. "ಈ ಸಲ ಸ್ಟೇಜಿಂಗ್ ಮಾಡಿಸ್ಬುಡಿ ಸಾರ್" ಎಂದವನೇ ಫೋನಿಟ್ಟ.

ಮನೆಯೊಳಗೆ ಸಾಮಾನು ಒಪ್ಪವಾಗಿ ಜೋಡಿಸುವುದಕ್ಕೆ ಹಾಗೆನ್ನುತ್ತಾರೆ ಅಂತ ಈಗ ಗೊತ್ತು. ಆಗ ನಾನು ಬಿ.ಎಸ್ಸಿ. ಓದಿದವನು, ಸ್ಟೇಜ್ ಅಂದರೆ ಗೊತ್ತಿಲ್ಲವೇ? ತೆರಕಣಾಂಬಿಯ ಶಾಮಿಯಾನದವನಿಗೆ ಹೇಳಿದೆ. ಬೆಳಿಗ್ಗೆ ಏಳಕ್ಕೆ ಬಂದು ಅಂಗಳದಲ್ಲಿ ಬಿಳಿ ಶಾಮಿಯಾನ ಎಬ್ಬಿಸಿ, ಒಂದು ಸ್ಟೇಜು ಕಟ್ಟಿ, ಐವತ್ತು ಕುರ್ಚಿ ಇಳಿಸಿದ. ಆ ಧೂಳಿಗೆ ನಾನು ಇನ್ನೊಂದು ಸಲ ಸ್ನಾನಕ್ಕೆ ಹೋದೆ.

ರಸ್ತೆಯಲ್ಲಿ ಹೋಗುವವರಿಗೆ ಕಂಡದ್ದೇನು? ವಾಲಗವಿಲ್ಲ, ಮಾವಿನ ತೋರಣವಿಲ್ಲ, ಬೆಳ್ಳಂಬೆಳಗ್ಗೆ ಶಾಮಿಯಾನ ಮತ್ತು ಕುರ್ಚಿ. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ.

ಮೊದಲು ಹತ್ತಿ ಬಂದವನು ಎಮ್ಮೆಯವನೇ. ಕೈಯಲ್ಲಿ ಚೆಂಡುಹೂವಿನ ಹಾರ, ಕಣ್ಣಲ್ಲಿ ನೀರು. ಹಿಂದೆ ಇಪ್ಪತ್ತು ಜನ, ಅವರ ಕೈಯಲ್ಲೂ ಹಾರ. ಬಾಗಿಲಿಗೆ ಬಂದ ನನ್ನ ಹೆಂಡತಿಗೆ ಅವನು ಕೈಮುಗಿದ: "ಅಕ್ಕಾ, ಮೊನ್ನೆ ಬಾಯ್ಗೆ ಬಂದಂಗೆ ಅಂದ್ಬುಟ್ಟೆ. ಇಂಗಾಯ್ತದೆ ಅಂತ ಗೊತ್ತಿದ್ರೆ ಎಮ್ಮೆ ಇಳಿಸ್ತಿರ್ನಿಲ್ಲ. ಎಷ್ಟೊತ್ಗೆ ಓಯ್ತು ಜೀವ?"

ಅಷ್ಟರಲ್ಲಿ ನಾನು ಒದ್ದೆ ತಲೆ ಒರೆಸುತ್ತ ಈಚೆ ಬಂದೆ.

ಅವನು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದ. ಅಳು ನಿಂತಿತು, ಸಿಟ್ಟು ಏರಿತು. "ಸತ್ತಿಲ್ವಾ ನೀವು? ಎಮ್ಮೆ ಕೊಟ್ಗೇಲೇ ಕಟ್ಬುಟ್ಟು, ಕಳೆ ಕೀಳದ ಬುಟ್ಟು ಓಡ್ಬಂದಿವ್ನಿ ಕಣ ಸಾ. ಈ ಆರ ಈಗ ಯಾರ್ಗಾಕನ?"

ಆ ಹೊತ್ತಿಗೆ ಫೋಟೋದವನು ಬಂದ. ಹಾರಗಳನ್ನೆಲ್ಲ ಇಸಿದುಕೊಂಡು ಸ್ಟೇಜಿಗೂ ಬಾಗಿಲಿಗೂ ಕಟ್ಟಿದ, ಮುಖ ಊದಿಸಿಕೊಂಡಿದ್ದವರನ್ನು ಕುರ್ಚಿಯಲ್ಲಿ ಕೂರಿಸಿದ. ಎಮ್ಮೆಗಳೆಲ್ಲ ಕೊಟ್ಟಿಗೆಯಲ್ಲಿದ್ದುದರಿಂದ ಹಿಂದೆ ಕೆರೆ ಮೊದಲ ಬಾರಿಗೆ ಕನ್ನಡಿಯಂತೆ ಕಂಡಿತು. ಆ ಫೋಟೋ ನೋಡಿ ಮೈಸೂರಿನವರೊಬ್ಬರು ನಾಲ್ಕೇ ದಿನದಲ್ಲಿ ಮನೆ ಒಪ್ಪಿಕೊಂಡರು. ನೀರಿನ ಪಕ್ಕ ಮದುವೆ ಮಾಡಿಸುವ ಜಾಗ ಹುಡುಕುತ್ತಿದ್ದರಂತೆ.

ಈಗ ನಾವು ಗುಂಡ್ಲುಪೇಟೆಯಲ್ಲಿದ್ದೇವೆ, ಒಂದೂ ಮೆಟ್ಟಿಲಿಲ್ಲ. ಮಂಡಿ ಹಗುರಾಗಿದೆ, ಹೆಂಡತಿಯ ಸಿಟ್ಟು ಮಾತ್ರ ಇಳಿದಿಲ್ಲ. ಶಾಮಿಯಾನ ಹಾಕಿಸಿದ್ದಕ್ಕಲ್ಲ, ಹಾರ ತಂದದ್ದಕ್ಕೂ ಅಲ್ಲ. ಅವತ್ತು ಅವಳು ಐದಕ್ಕೇ ಎದ್ದು, ಆ ಮಂಡಿ ಬಗ್ಗಿಸಿ ನನ್ನ ಪಾದ ತೊಳೆದು, ಗಂಡನ ಆಯಸ್ಸು ಗಟ್ಟಿಯಿರಲಿ ಎಂದು ಪೂಜೆ ಮಾಡಿ ಇನ್ನೂ ಮೂರು ಗಂಟೆ ಆಗಿರಲಿಲ್ಲ. ಅವತ್ತು ಭೀಮನ ಅಮಾವಾಸ್ಯೆ.