ಗಿರ್ದಾವರ್ ಸಾಹೇಬರ ಒಳದಾರಿ

ಅಮರಗುಂಡಪ್ಪನವರು ಹತ್ತೊಂಬತ್ತು ವರ್ಷ ಕಂದಾಯದ ಗಿರ್ದಾವರರಾಗಿ ಹಳ್ಳಿಹಳ್ಳಿಯ ಹೊಲದ ಬಾಂದುಕಲ್ಲು ನೋಡಿದವರು. ನಿಜಾಮರ ರಾಜ್ಯ ಹೋಗಿ ಆರು ವರ್ಷವಾಗಿತ್ತು. ಸಾಹೇಬರ ಠೀವಿ ಮಾತ್ರ ಹೋಗಿರಲಿಲ್ಲ! "ಈ ತಾಲೂಕಿನ ಕಲ್ಲುಕಲ್ಲೂ ನನಗ ಸಲಾಂ ಹೊಡಿತಾವ. ನಾ ಯಾಕ ಇನ್ನೊಬ್ಬರನ್ನ ದಾರಿ ಕೇಳಲಿ?" ಎನ್ನುತ್ತಿದ್ದರು.

ಆ ದಿನ ಹೆಂಡತಿ ಕಲ್ಯಾಣಮ್ಮನೊಂದಿಗೆ ಲಿಂಗಸುಗೂರಿನಿಂದ ಬಂದು ಮಸ್ಕಿಯಲ್ಲಿ ಬಸ್ಸಿಳಿದಾಗ ಹತ್ತು ಗಂಟೆ. ಹುಣಸಿಹಾಳದಲ್ಲಿ ಮಾವನವರಿಗೆ ಮೇಲುಸಿರು ಹತ್ತಿದೆ, ಮಗಳನ್ನೇ ಕೇಳುತ್ತಿದ್ದಾರೆ ಎಂದು ಆಳು ಬಂದು ಹೇಳಿದ್ದ. ಆ ಕಡೆಗೆ ಹೋಗುವ ಬಸ್ಸು ಹನ್ನೆರಡಕ್ಕೆ.

"ಎರಡು ತಾಸು ಏನ್ ಮಹಾ ಸಾಹೇಬ್ರ! ಕುಂದರ್ರಿ, ಚಾ ಕುಡೀರಿ," ಎಂದ ಬಸ್ಸು ನಿಲ್ಲುವಲ್ಲಿ ಹೊಟೇಲಿಟ್ಟಿದ್ದ ಲಾಲ್‌ಸಾಬ್.

"ಬಸ್ಸಿಗೆ ಕಾಯೋ ಮಂದಿ ಬ್ಯಾರೆ! ಗುಡ್ಡದ ಹಿಂದ ಅಡವ್ಯಾಗ ಒಳದಾರಿ ಐತಿ. ಬಸ್ಸು ಇಲ್ಲಿಗೆ ಬರೋದ್ರಾಗ ನಾವು ಹುಣಸಿಹಾಳದಾಗ ಇರ್ತೀವಿ!"

"ನನಗ ಅಪ್ಪನ ಮಾರಿ ನೋಡಬೇಕ್ರಿ. ಜೀವ ಇರೂತನ ಮುಟ್ಟಬೇಕು. ಬಸ್ಸಿಗೇ ಹೋಗೂನು," ಎಂದಳು ಕಲ್ಯಾಣಮ್ಮ.

"ಅದಕ್ಕಾ ಅವಸರ ಮಾಡಾಕತ್ತೀನಿ, ನಡಿ!"

ದಂಡಯಾತ್ರೆ ಹೊರಟಿತು. ಮುಂದೆ ಕೊಡೆ ಹಿಡಿದ ಸಾಹೇಬರು, ಹಿಂದೆ ಬುತ್ತಿಗಂಟು ಹೊತ್ತ ಸೈನ್ಯ.

ಗುಡ್ಡದ ನೆತ್ತಿಯ ಮೇಲೆ ಮಲ್ಲಯ್ಯನ ಗುಡಿ. ಹುಣಸಿಹಾಳದ ಕಾಲುದಾರಿ ಆ ಗುಡ್ಡವನ್ನು ಎಡಕ್ಕೆ ಬಿಟ್ಟು ಸಾಗುತ್ತಿತ್ತು. ಸಾಹೇಬರು ಗಕ್ಕನೆ ನಿಂತರು.

"ದೇವರನ್ನ ಎಡಕ್ಕ ಹಾಕ್ಕೊಂಡು ಹೋಗೋದಾ? ಅದೂ ಇವತ್ತಾ? ಮಾವನವರ ಜೀವ ಆತನ ಕೈಯಾಗ ಐತಿ! ಗುಡ್ಡ ಬಲಕ್ಕಿರಲಿ. ಆ ಕಡಿಂದ ಸುತ್ತಿ ಹೋಗೂನು."

ಅಪ್ಪನ ಜೀವದ ಮಾತು ಬಂದಮೇಲೆ ಕಲ್ಯಾಣಮ್ಮ ಏನು ಹೇಳಿಯಾಳು? ಗಂಟು ಸರಿಮಾಡಿಕೊಂಡು ನಡೆದಳು.

ಅಶೋಕನ ಶಾಸನದ ಬಂಡೆ ಎದುರಾಯಿತು. ಸಾಹೇಬರು ಕೊಡೆ ಮಡಿಚಿ ತೋರಿಸಿದರು. "ನೋಡು! ಎರಡು ಸಾವಿರ ವರ್ಷಾತು, ಅಕ್ಷರ ಇನ್ನೂ ನಿಂತಾವ!"

"ನಮ್ಮಪ್ಪ ಅಷ್ಟೊತ್ತು ನಿಲ್ಲಂಗಿಲ್ರಿ. ನಡೀರಿ."

ಅಲ್ಲಿಂದ ಜಾಲಿ, ಕಾರೆ ಕಂಟಿಗಳ ಅಡವಿ. ಸಾಹೇಬರ ಧೋತರ ಮೂರು ಕಡೆ ಹರಿಯಿತು, ಚಪ್ಪಲಿಯ ಉಂಗುಷ್ಠ ಕಿತ್ತಿತು. ಗುಡ್ಡದ ಹಿಂಬದಿಗೆ ಬಂದಾಗ ಕಲ್ಯಾಣಮ್ಮ ಕೈ ಮಾಡಿದಳು. "ಎಡಕ್ಕ ನೋಡ್ರಿ, ಬಂಡಿ ಜಾಡು! ನಮ್ಮೂರಿಗೆ ಹೋಗೋದು ಅದಾ!"

"ಅದನ್ನ ಹಿಡಿದ್ರ ಮಲ್ಲಯ್ಯಗ ಬೆನ್ನು ಕೊಟ್ಟಂಗಾತಲ್ಲ! ಮುಂದ ಇನ್ನೊಂದು ದಾರಿ ಐತಿ. ನನಗ ಗೊತ್ತಿಲ್ಲೇನು?"

ಮುಂದೆ ದಾರಿಯೂ ಇರಲಿಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ಹೊತ್ತು ನೆತ್ತಿಗೇರಿ ವಾಲಿತು. ಕಲ್ಯಾಣಮ್ಮ ಮಾತು ಬಿಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸಾಹೇಬರಿಗೆ. ಬಾಯಿ ಮಾತ್ರ "ಇದಾ ಬಂತು, ಇದಾ ಬಂತು" ಎನ್ನುತ್ತಲೇ ಇತ್ತು.

ಮೂರು ಗಂಟೆಗೆ ಮನೆಗಳ ಹಿತ್ತಿಲು ಕಂಡವು, ಸಂದಿಯಾಚೆ ಹೊಗೆಯಾಡುವ ಚಪ್ಪರವೂ ಕಂಡಿತು. ಸಾಹೇಬರಿಗೆ ಜೀವ ಬಂತು! "ನೋಡು! ಮುಟ್ಟಿಸಿದೆ ಇಲ್ಲ? ಹುಣಸಿಹಾಳದಾಗೂ ಚಾ ಹೊಟೇಲು ಆಗೇತಿ!"

ಚಪ್ಪರದೊಳಗಿಂದ ಲಾಲ್‌ಸಾಬ್ ಹೊರಗೆ ಬಂದ.

"ಅರೇ ಸಾಹೇಬ್ರ! ಇಷ್ಟು ಲಗೂನ ತಿರುಗಿ ಬಂದ್ರಿ? ಮಾವನವರು ಹೆಂಗದಾರ?"

ಸಾಹೇಬರು ತಿರುಗಿ ನೋಡಿದರು. ಗುಡ್ಡ ಇನ್ನೂ ಬಲಕ್ಕೇ ಇತ್ತು. ಕಲ್ಯಾಣಮ್ಮ ಬುತ್ತಿಗಂಟನ್ನು ನೆಲಕ್ಕಿಟ್ಟು, "ಬಸ್ಸು?" ಎಂದಳು.

"ಹನ್ನೆರಡಕ್ಕ ಬಂದು ಹೋತಲ್ಲವ್ವ. ಅರ್ಧ ಖಾಲೀನ ಇತ್ತು."

ಕಥೆ ಕೇಳಿದ ಲಾಲ್‌ಸಾಬ್ ನಗಲಿಲ್ಲ. ಒಲೆಗೆ ನೀರು ಸುರಿದು ತಾನೇ ಬಂಡಿ ಹೂಡಿದ. ಗುಡ್ಡ ಎಡಕ್ಕೆ ಬಂತು. ಸಾಹೇಬರು ಆ ಕಡೆ ತಲೆಯೆತ್ತಿ ನೋಡಲಿಲ್ಲ.

ಹುಣಸಿಹಾಳ ಮುಟ್ಟಿದಾಗ ಹೊತ್ತು ಮುಳುಗಿತ್ತು. ಮಂದಿಯೆಲ್ಲ ಊರಾಚೆಯ ಹೊಲದಲ್ಲಿದ್ದರು. ಗುಂಡಿ ಮುಚ್ಚಿ, ಹಸಿ ಮಣ್ಣಿನ ಮೇಲೆ ವಿಭೂತಿ, ಪತ್ರಿ ಇಟ್ಟಿದ್ದರು. ಕಲ್ಯಾಣಮ್ಮನ ತಮ್ಮ ಮರಿಸ್ವಾಮಿ ಅಕ್ಕನನ್ನು ತಬ್ಬಿಕೊಂಡು ಅತ್ತ.

"ಮಧ್ಯಾಹ್ನ ಎರಡು ಗಂಟಿತನ ಮಾತಾಡಿದ್ನಬೇ ಅಪ್ಪ. ಬಸ್ಸಿನ ಸಪ್ಪಳ ಕೇಳಿ 'ಕಲ್ಯಾಣಿ ಬಂದ್ಳೇನು ನೋಡ್ರಿ' ಅಂದ. ಊರ ಅಗಸಿತನ ಓಡಿದ್ನಿ ನಾನು. ಯಾರೂ ಇಳೀಲಿಲ್ಲ."

ಕಲ್ಯಾಣಮ್ಮ ಒಂದು ಹಿಡಿ ಮಣ್ಣೆತ್ತಿ ಗುಡ್ಡೆಗೆ ಹಾಕಿದಳು. ಮಣ್ಣು ಬಿದ್ದ ಮೇಲೂ ಅವಳ ಕೈ ಬಹಳ ಹೊತ್ತು ಅಲ್ಲೇ ಇತ್ತು.

"ಮಗಳು, ಅಳಿಯ ಮೂರು ಸುತ್ತು ಹಾಕಿ ಕೈ ಮುಗೀರಿ," ಎಂದರು ಪೂಜೆ ಮಾಡಿಸುತ್ತಿದ್ದ ಅಯ್ಯನವರು.

ಸಾಹೇಬರು ಹರಿದ ಧೋತರ ಸಾವರಿಸಿಕೊಂಡು, ಗುಡ್ಡೆಯನ್ನು ಬಲಕ್ಕೆ ಮಾಡಿಕೊಂಡು ಹೆಜ್ಜೆ ಎತ್ತಿದರು. ಕಲ್ಯಾಣಮ್ಮ ಅವರ ರಟ್ಟೆ ಹಿಡಿದು ಪಕ್ಕಕ್ಕೆ ಕೂಡಿಸಿದಳು. ಮುಂಜಾನೆಯಿಂದ ಮೊದಲ ಸಲ ಅವರ ಮುಖ ನೋಡಿ ಹೇಳಿದಳು:

"ನೀವು ಬ್ಯಾಡ್ರಿ. ನಿಮ್ಮ ಸುತ್ತು ಆಗೇತಿ."