ಮಾವ ನುಂಗಿದ ಪೆಟ್ರೋಲು

ನಮ್ಮ ಸೋದರಮಾವನ ಮೈಯಲ್ಲಿ ಹರಿಯುವುದು ರಕ್ತವಲ್ಲ, ಪೆಟ್ರೋಲು! ಹಾಗಂತ ನಾನು ಹೇಳುತ್ತಿಲ್ಲ; ಅವರನ್ನು ಕಟ್ಟಿಕೊಂಡು ಏಗುತ್ತಿರುವ ನಮ್ಮತ್ತೆಯ ಮಾತು ಅದು. ಬೇರೆಯವರ ಮನೆ ಬಾಗಿಲಲ್ಲಿ ಒಗ್ಗರಣೆ ಘಮ್ಮೆಂದರೆ ಚಾಮರಾಜಪೇಟೆಯ ಅವರ ಮನೆ ಬಾಗಿಲಲ್ಲಿ ಪೆಟ್ರೋಲು ಘಮ್ಮೆನ್ನುತ್ತಿತ್ತು. ಸ್ಕೂಟರಿನ ಜಿಡ್ಡು ಮೆತ್ತಿದ ಕೈಯನ್ನು ಮಾವ ಸೋಪು ಹಾಕಿ ತೊಳೆದದ್ದನ್ನು ಕಂಡವರುಂಟೆ? ಪೆಟ್ರೋಲಿನಲ್ಲೇ ತೊಳೆದು ತೊಳೆದು ಅಂಗೈ ಬೇಸಿಗೆಯ ಕೆರೆಯಂತೆ ಬಿರಿದು ಉರಿಯುತ್ತಿದ್ದರೂ, "ಸೋಪಿಗೆಲ್ಲಿದೆಯೇ ಈ ಶಕ್ತಿ?" ಎನ್ನುತ್ತಿದ್ದರು. ಬಂಕಿನಲ್ಲಿ ಕಣ್ಣು ಮುಚ್ಚಿ, ಮೂಗರಳಿಸಿ ನಿಲ್ಲುತ್ತಿದ್ದ ಭಕ್ತಿಯ ಅರ್ಧದಷ್ಟನ್ನೂ ಅವರು ದೇವರ ಮುಂದೆ ತೋರಿಸಿದವರಲ್ಲ!

ವರಮಹಾಲಕ್ಷ್ಮಿ ಹಬ್ಬದ ದಿನ ಅತ್ತೆಯ ರೇಷ್ಮೆ ಸೀರೆಗೆ ಎಣ್ಣೆ ಕಲೆಯಾಯಿತು. ಮಾವ ಬಿಡುತ್ತಾರೆಯೇ? ದೇವರ ಮನೆಯ ಪಕ್ಕದಲ್ಲೇ ಕೂತು, ಹತ್ತಿಯನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜತೊಡಗಿದರು. ಒಳಗೆ ಅತ್ತೆ ಬೆಂಕಿಪೊಟ್ಟಣ ತೆಗೆದ ಸದ್ದು ಕೇಳಿ ನನ್ನ ಜೀವ ಬಾಯಿಗೆ ಬಂತು.

"ಅತ್ತೇ, ಕಡ್ಡಿ ಗೀರ್ಬೇಡಿ!"

"ಹಬ್ಬದ ದಿನ ದೀಪ ಹಚ್ಬೇಡ ಅಂತೀಯಲ್ಲೇ, ಅನಿಷ್ಟ!" ಎನ್ನುತ್ತಲೇ ಈಚೆ ಬಂದ ಅತ್ತೆಯ ಮೂಗಿಗೆ ವಾಸನೆ ಬಡಿದು, ಪೊಟ್ಟಣ ಕೈಜಾರಿ ಕಡ್ಡಿಗಳೆಲ್ಲ ಚೆಲ್ಲಾಪಿಲ್ಲಿ. ಮಾವ ಮಾತ್ರ ಸೀರೆ ಎತ್ತಿ ಹಿಡಿದು, "ಕಲೆ ಹೋಯ್ತು ನೋಡು!" ಎಂದರು. ಕಲೆಯ ಜೊತೆ ನಾವೂ ಹೋಗುತ್ತಿದ್ದೆವು!

ಇಷ್ಟಾದರೂ ಬುದ್ಧಿ ಬಂತೇ? ಒಂದು ಭಾನುವಾರ ಫ್ಯಾನಿನ ಜಿಡ್ಡು ತೆಗೆಯಬೇಕೆಂದು ಸ್ಕೂಟರಿನ ಟ್ಯಾಂಕಿಗೆ ಪೈಪು ಇಳಿಬಿಟ್ಟು ಬಾಯಲ್ಲಿ ಎಳೆಯುತ್ತಿದ್ದರು. ಅದೇ ಹೊತ್ತಿಗೆ ಅಡುಗೆಮನೆಯಿಂದ ಅತ್ತೆ, "ರೀ, ಕಾಫಿ!" ಎಂದರು. ಹೆಂಡತಿ ಕರೆದಾಗ ಸುಮ್ಮನಿದ್ದು ಅಭ್ಯಾಸವಿಲ್ಲದ ಮಾವ, ಪೈಪು ಬಾಯಲ್ಲಿದ್ದಂತೆಯೇ "ಬಂದೆ" ಎನ್ನಲು ಹೋಗಿ, ಗಟಕ್ಕನೆ ನುಂಗಿಬಿಟ್ಟರು.

ಆಮೇಲೆ ಕೆಮ್ಮು. ಎಂಥ ಕೆಮ್ಮು! ಕಣ್ಣು ಕೆಂಡ, ಗಂಟಲಲ್ಲಿ ಸುಯ್ಯೆನ್ನುವ ಸದ್ದು. ಅತ್ತೆ ಓಡಿಹೋಗಿ ಒಲೆ ಆರಿಸಿದರು. ಪಕ್ಕದ ಮನೆಯಾಕೆ ಲೋಟದ ತುಂಬ ಉಪ್ಪುನೀರು ಹಿಡಿದು ಬಂದರು.

"ಕುಡಿಸಿ, ಎಲ್ಲಾ ಕಕ್ಕೊಳ್ಲಿ."

ನಾನು ಪರಿಚಯದ ಡಾಕ್ಟರಿಗೆ ಫೋನು ಹಚ್ಚಿದ್ದೆ. ಅವರು ಅತ್ತಲಿಂದ ಕೂಗಿಕೊಂಡರು: "ವಾಂತಿ ಮಾಡಿಸ್ಲೇಬೇಡಿ! ಮೇಲೆ ಬರೋವಾಗ ಶ್ವಾಸಕೋಶಕ್ಕೆ ನುಗ್ಗುತ್ತೆ. ಕೂರಿಸ್ಕೊಂಡೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ, ಈಗ್ಲೇ!"

ಲೋಟ ಆಗಲೇ ಮಾವನ ತುಟಿಗೆ ತಾಗಿತ್ತು. ಕೈಯಿಂದ ಹೊಡೆದೆ. ಅದು ಠಣಠಣ ಉರುಳಿ ಬೀದಿಗೆ ಬಿತ್ತು.

ಸಿಕ್ಕಿದ ಆಟೋ ಮಾರ್ಕೆಟ್ಟಿನ ಹತ್ತಿರ ಸಿಕ್ಕಿಹಾಕಿಕೊಂಡಿತು. ಮುಂದೆ ಹೂವಿನ ಟೆಂಪೋ, ಪಕ್ಕದಲ್ಲಿ ಬಸ್ಸು, ನಡುವೆ ಕಪ್ಪು ಹೊಗೆ. ಒಳಗೆ ಪೆಟ್ರೋಲು, ಹೊರಗೆ ಡೀಸೆಲ್ಲು. ಮಾವ ಉಸಿರಾಡುವುದಾದರೂ ಏನನ್ನು? ತುಟಿ ನೀಲಿಗಟ್ಟುತ್ತಿತ್ತು. ಅಷ್ಟರಲ್ಲಿ ಡ್ರೈವರು ಆರಾಮಾಗಿ ಬೀಡಿ ತೆಗೆದು ಕಡ್ಡಿಪೆಟ್ಟಿಗೆಗೆ ಜೇಬು ತಡಕಿದ.

"ಬೇಡಾ!" ಎಂದು ನಾನೂ ಅತ್ತೆಯೂ ಒಟ್ಟಿಗೆ ಅರಚಿದೆವು. "ಇವ್ರು ಪೆಟ್ರೋಲ್ ಕುಡ್ದಿದಾರೆ!"

ಅವನು ತಿರುಗಿ ನೋಡಿ, ಬೀಡಿಯನ್ನು ಜೇಬಿಗೆ ಸೇರಿಸಿ, ಗಂಭೀರವಾಗಿ ಕೇಳಿದ: "ಫುಲ್ ಟ್ಯಾಂಕಾ, ಮೇಡಂ?"

ನಾವು ನಗಲಿಲ್ಲ. ಮಾವ ನಗಲು ಹೋದರು, ಕೆಮ್ಮು ಎರಡರಷ್ಟಾಯಿತು. ಹೆದರಿದ ಡ್ರೈವರು ಹಾರನ್ನಿನ ಮೇಲಿಟ್ಟ ಕೈಯನ್ನು ಆಸ್ಪತ್ರೆಯ ಗೇಟಿನವರೆಗೂ ತೆಗೆಯಲಿಲ್ಲ.

"ಕೆಮ್ಮುವಾಗ ಸ್ವಲ್ಪ ಶ್ವಾಸಕೋಶಕ್ಕೆ ಹೋಗಿದೆ, ಊತ ಬಂದಿದೆ. ಇವತ್ತು ಏನೂ ಹೇಳಕ್ಕಾಗಲ್ಲ," ಎಂದರು ಅಲ್ಲಿನ ಡಾಕ್ಟರು. ಮೂಗಿಗೆ ಬಾಯಿಗೆ ಆಕ್ಸಿಜನ್ ಮಾಸ್ಕು ಹಾಕಿದರು.

ಮಾವ ಬದುಕಿದರು, ಗಾಬರಿಯಾಗಬೇಡಿ. ಆದರೆ ಈಗಲೂ ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಳ್ಳುತ್ತಾರೆ. ನಾನು ಹೇಳಬೇಕೆಂದಿದ್ದು ಆಸ್ಪತ್ರೆಗೆ ಸೇರಿಸಿದ ಮಾರನೆಯ ಸಂಜೆಯ ವಿಷಯ. ಅತ್ತೆ ಹಾಸಿಗೆಯ ಪಕ್ಕ ಕೂತು ಒಂದೇ ಸಮನೆ ಬೈಯುತ್ತಿದ್ದರು: "ನಿಮ್ಗೆ ಹೆಂಡ್ತಿ ಬೇಡ, ಮನೆ ಬೇಡ..." ಮಾವ ಮೆಲ್ಲಗೆ ಮಾಸ್ಕು ಸರಿಸಿ ಸನ್ನೆ ಮಾಡಿದರು. ಇನ್ನು ಸ್ಕೂಟರಿನ ವಿಚಾರ ಕೇಳುತ್ತಾರೆ ಎಂದುಕೊಂಡು ಬಗ್ಗಿದೆವು.

"ನೀನು... ಊಟ ಮಾಡ್ದ್ಯೇನೇ?"

ಹಿಂದಿನ ದಿನದಿಂದ ಅತ್ತೆಯ ಬಾಯಿಗೆ ಅನ್ನದ ಅಗುಳು ಬಿದ್ದಿರಲಿಲ್ಲ. ಅವರು ಮಾಸ್ಕನ್ನು ಸರಿಯಾಗಿ ಕೂರಿಸಿ, "ನೀವು ಮೊದ್ಲು ಉಸಿರಾಡ್ರಿ," ಎಂದರು.

ಮಾವ ಎಳೆದ ಒಂದೊಂದು ಉಸಿರಿಗೂ, ತಮಗೇ ಗೊತ್ತಿಲ್ಲದಂತೆ, ಅತ್ತೆಯೂ ಜೊತೆಗೆ ಉಸಿರೆಳೆಯುತ್ತಾ ಕೂತರು.