ವಿಮಾನಕ್ಕೊಂದು ಡ್ರಮ್ಮು ಎಣ್ಣೆ

ತಲೆ ಕೆರೆದುಕೊಳ್ಳಲೆಂದು ಕೈ ಎತ್ತಿದ್ದೇ ಎಲ್ಲಕ್ಕೂ ಮೂಲವಾಯಿತು. ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರು, ತಂತಮ್ಮ ಮನೆಯಿರುವ ಕಟ್ಟಡದಿಂದಲೇ ಸಂಜೆಯೊಳಗೆ ಒಂದು ಡ್ರಮ್ಮು ಕರಿದ ಎಣ್ಣೆ ತರುವವರು ಯಾರು ಎಂದು ಕೇಳಿದರು. ಅದೇ ಗಳಿಗೆಗೆ ನಮ್ಮ ಮೂಗುರಾಯನ ನೆತ್ತಿಗೆ ನವೆ ಹತ್ತಬೇಕೆ? ಕೈ ಮೇಲೆ ಹೋಯಿತು, ಮ್ಯಾನೇಜರು ಚಪ್ಪಾಳೆ ತಟ್ಟಿದರು. ತಂದರೆ ನೌಕರಿ ಕಾಯಂ, ತರದಿದ್ದರೆ ನಾಳೆಯಿಂದ ಬರುವುದೇ ಬೇಡ ಎಂದೂ ಸೇರಿಸಿದರು. ಎತ್ತಿದ ಕೈ ಇಳಿಸುವುದೂ ಮೂಗುರಾಯನಿಗೆ ಮರೆತುಹೋಯಿತು.

ಅವನ ಕಂಪನಿ ಹೋಟೆಲು, ಮನೆಗಳಲ್ಲಿ ಕರಿದುಳಿದ ಎಣ್ಣೆಯನ್ನು ಕೂಡಿಸಿ ವಿಮಾನದ ಇಂಧನ ಮಾಡುವ ಕಾರ್ಖಾನೆಗೆ ಕಳಿಸುತ್ತಿತ್ತು. ಗಾಳಿಗೆ ಕೆಡುಕು ಕಮ್ಮಿ, ಮುಂದೆ ಎಲ್ಲ ವಿಮಾನಗಳೂ ಇದರಲ್ಲೇ ಹಾರಬೇಕು ಎಂಬುದು ಕಂಪನಿಯ ಆಸೆ. ಆಸೆಗೆ ತಕ್ಕಷ್ಟು ಎಣ್ಣೆ ಮಾತ್ರ ಎಲ್ಲೂ ಹುಟ್ಟುತ್ತಿರಲಿಲ್ಲ. ಈ ಇಂಧನದಲ್ಲಿ ಹಾರುವ ಮೊದಲ ವಿಮಾನ ಮಾರನೆಯ ಬೆಳಿಗ್ಗೆ ಹೊರಡುವುದಿತ್ತು. ಬಂದ ಎಣ್ಣೆಯನ್ನು ಮೂಸಿ ನೋಡುವುದು ನಮ್ಮವನ ಕೆಲಸ. ಬರೀ ಅಡುಗೆ ಎಣ್ಣೆಯಾದರೆ ಡ್ರಮ್ಮಿಗೆ ಹಸಿರು ಚೀಟಿ ಅಂಟಿಸಬೇಕು. ಯಂತ್ರದ ಎಣ್ಣೆಯ ವಾಸನೆ ಒಂದಿಷ್ಟು ಬಂದರೂ ಡ್ರಮ್ಮನ್ನೇ ವಾಪಸು ಕಳಿಸಬೇಕು. ಅವನಿಗೆ ಆ ಹೆಸರು ಬಂದದ್ದೂ ಹಾಗೆಯೇ.

ಕಂಪನಿಯ ವ್ಯಾನು ಖಾಲಿ ಡ್ರಮ್ಮನ್ನು ಕಟ್ಟಡದ ಮೆಟ್ಟಿಲ ಬುಡದಲ್ಲಿ ಇಳಿಸಿತು. ಮೂಗುರಾಯ ಬಾಗಿಲು ಬಾಗಿಲು ತಟ್ಟಿದ. ಮೊದಲ ಮಹಡಿಯವರಿಗೆ ಡಾಕ್ಟರು ಕರಿದದ್ದನ್ನು ಬಿಡಿಸಿದ್ದರು. ಎರಡನೆಯ ಮಹಡಿಯವರು ಒಮ್ಮೆ ಸುರಿದ ಎಣ್ಣೆಯಲ್ಲಿ ಅದು ಮುಗಿಯುವ ತನಕ ಕರಿಯುತ್ತಿದ್ದರು. ಅಲ್ಲಿ ಉಳಿಯುತ್ತಿದ್ದದ್ದು ಬಾಣಲೆ ಮಾತ್ರ. ಮಧ್ಯಾಹ್ನವಾದರೂ ಡ್ರಮ್ಮಿನ ತಳ ಸರಿಯಾಗಿ ಒದ್ದೆಯಾಗಿರಲಿಲ್ಲ.

ಗಂಡನ ಮುಖ ನೋಡಲಾಗದೆ ಹೆಂಡತಿ ಕಟ್ಟಡದ ಸಂಘದ ಅಧ್ಯಕ್ಷರ ಹತ್ತಿರ ಓಡಿದಳು. ಅಧ್ಯಕ್ಷರೆಂದರೆ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರು. ಅವರು ಮೆಟ್ಟಿಲ ಮೇಲೆ ನಿಂತು, ನಾಳೆ ಬೆಳಿಗ್ಗೆ ಆ ಮೊದಲ ವಿಮಾನ ಹಾರುವುದು ನಮ್ಮ ಕಟ್ಟಡದ ಎಣ್ಣೆಯಲ್ಲಿ ಎಂದು ಸಾರಿಬಿಟ್ಟರು. ಮೂಗುರಾಯನೂ ಅದನ್ನು ನಂಬಿದ. ಪಾಪ, ಎಣ್ಣೆ ಕೂಡಿಡುವ ಕಂಪನಿಯ ಡಿಪೋದ ಗೇಟು ದಾಟಿದ ಮೇಲೆ ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಅವನು ಕಂಡವನೇ ಅಲ್ಲ.

ಆಮೇಲೆ ನಡೆದದ್ದನ್ನು ಕಂಡು ಅವನು ದಂಗಾದ. ಹೊಸ ಎಣ್ಣೆಯ ಡಬ್ಬಗಳು ಅಂಗಡಿಯಿಂದ ಬಂದವು. ಕರಿದರೆ ತಾನೆ ಕರಿದ ಎಣ್ಣೆ? ಆಲೂಗಡ್ಡೆ ಮುಗಿದವರು ಸಿಪ್ಪೆ ಕರಿದರು, ಸಿಪ್ಪೆ ಮುಗಿದವರು ಒಣಗಿದ ಬ್ರೆಡ್ಡು ಕರಿದರು. ಗಾಳಿ ಉಳಿಸುವ ಉತ್ಸಾಹದಲ್ಲಿ ಮೆಟ್ಟಿಲ ತುಂಬ ಹೊಗೆ ಕವಿಯಿತು. ಎದುರು ಮನೆಯವರು ಫೋನು ಮಾಡಿ ಅಗ್ನಿಶಾಮಕದವರನ್ನು ಕರೆಸಿದರು. ಬಂದವರಿಗೆ ಬೆಂಕಿ ಸಿಗಲಿಲ್ಲ. ಕೊಟ್ಟ ಆಲೂಗಡ್ಡೆ ತಿಂದು ಹೋದರು.

ಆದರೂ ಡ್ರಮ್ಮು ಒಂದು ಗೇಣು ಕಡಿಮೆ ಬಿತ್ತು. ಮೂಗುರಾಯ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಅದು ಬಾಯಿತನಕ ತುಂಬಿತ್ತು. ಸಂತೋಷದಿಂದ ಬಗ್ಗಿ ಮೂಸಿದವನು ಹಾವು ಕಂಡಂತೆ ಹಿಂದಕ್ಕೆ ಹಾರಿದ. ಮೇಲಿನ ಮಹಡಿಯ ಅಜ್ಜಿಯ ತಲೆಗೆ ಹಚ್ಚುವ ಎಣ್ಣೆಯ ವಾಸನೆ ಇತ್ತು. ಅದರ ಕೆಳಗೆ, ಅನುಮಾನವೇ ಇಲ್ಲ, ಯಂತ್ರಕ್ಕೆ ಹಾಕುವ ಗೇರ್ ಎಣ್ಣೆ!

"ನಾನೇ ಹಾಕಿದೆ," ಎಂದರು ಅಧ್ಯಕ್ಷರು ಹೆಮ್ಮೆಯಿಂದ. "ಮೂವತ್ತು ವರ್ಷ ಬಸ್ ಓಡಿಸಿದ್ದೀನಿ. ಬರೀ ಆಲೂಗಡ್ಡೆ ಎಣ್ಣೇಲಿ ಇಂಜಿನ್ ಏರು ಹತ್ತುತ್ತಾ? ನೀವೇ ಹೇಳಿ."

ಎಣ್ಣೆ ಚೆಲ್ಲಿದರೆ ಮೂಗುರಾಯನ ನೌಕರಿ ಹೋಯಿತು. ವ್ಯಾನು ಬಂದು ಹಾರ್ನು ಹೊಡೆಯುತ್ತಿತ್ತು, ಹೆಂಡತಿ ಆಗಲೇ ಅಕ್ಕಪಕ್ಕದವರಿಗೆಲ್ಲ ಗಂಡನ ಕೆಲಸ ಕಾಯಂ ಆಯಿತೆಂದು ಹೇಳಿ ಮುಗಿಸಿದ್ದಳು. ಅವನು ಮೂಗು ಹಿಡಿದುಕೊಂಡು ಹಸಿರು ಚೀಟಿ ಅಂಟಿಸಿದ.

ಡಿಪೋದಲ್ಲಿ ಮ್ಯಾನೇಜರು ಅವನನ್ನು ತಬ್ಬಿಕೊಂಡರು. ಕಾಯಂ ಪತ್ರ ಕೈಗಿತ್ತರು. ಹೆಂಡತಿಯನ್ನೂ ಗುಟ್ಟಾಗಿ ಕರೆಸಿದ್ದರು. ಅವಳು ಹೊಸ ಬಟ್ಟೆ ಉಟ್ಟು ನಗುತ್ತ ನಿಂತಿದ್ದಳು. ಇನ್ನೇನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮ್ಯಾನೇಜರು ಎರಡು ಟಿಕೆಟು ತೆಗೆದು ಒಬ್ಬೊಬ್ಬರ ಕೈಗೆ ಒಂದೊಂದು ಇತ್ತರು. ನಾಳೆಯ ಮೊದಲ ವಿಮಾನದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೀಟು!

ಆಕಾಶದ ನಡುವೆ ಅಜ್ಜಿಯ ಎಣ್ಣೆ ಇಂಜಿನ್ನಿಗೆ ಸಿಕ್ಕಿಕೊಂಡು ಅದು ಕೆಮ್ಮುವುದು ಮೂಗುರಾಯನ ಕಣ್ಣಿಗೆ ಕಟ್ಟಿತು. ಪಕ್ಕದಲ್ಲಿ ಹೆಂಡತಿ ಕುಳಿತಿರುವುದೂ ಕಂಡಿತು. ಇನ್ನು ತಡೆಯಲಾಗಲಿಲ್ಲ.

"ಸಾರ್, ವಿಮಾನ ನಿಲ್ಲಿಸಿ. ಆ ಡ್ರಮ್ಮಲ್ಲಿ ಗೇರ್ ಎಣ್ಣೆ ಇದೆ. ಗೊತ್ತಿದ್ದೂ ಚೀಟಿ ಅಂಟಿಸಿದೆ."

ಮ್ಯಾನೇಜರು ತಿರುಗಿ ಡ್ರಮ್ಮಿನ ಹಸಿರು ಚೀಟಿ ನೋಡಿದರು.

"ವಿಮಾನ ಯಾಕಯ್ಯ ನಿಲ್ಲಿಸಬೇಕು? ನಾಳೆಯ ಇಂಧನ ಹೋದ ತಿಂಗಳೇ ಬಂದು ಟ್ಯಾಂಕಲ್ಲಿ ಕೂತಿದೆ. ನಿನ್ನ ಡ್ರಮ್ಮು ಕಾರ್ಖಾನೆಗೆ ಹೋಗಿ, ಶುದ್ಧಿಯಾಗಿ, ಇಂಧನ ಆಗೋಷ್ಟರಲ್ಲಿ ಮಳೆಗಾಲ ಕಳೆದಿರುತ್ತೆ."

ಹೇಳುತ್ತ ಹೇಳುತ್ತ ಅವರು ಅವನ ಕೈಯಿಂದ ಕಾಯಂ ಪತ್ರ ಬಿಡಿಸಿಕೊಂಡರು, ಆಮೇಲೆ ಅವನ ಟಿಕೆಟನ್ನೂ. ಸುಳ್ಳು ಹೇಳುವ ಮೂಗು ನಮಗೆ ಬೇಡ, ನಾಳೆಯಿಂದ ಬರಬೇಡ, ಡ್ರಮ್ಮನ್ನು ತಂದಲ್ಲಿಗೇ ಒಯ್ಯಿ ಎಂದರು. ಸೀಟು ಖಾಲಿ ಹೋಗಬಾರದೆಂದು ಕಟ್ಟಡದ ಸಂಘಕ್ಕೆ ಫೋನನ್ನೂ ಮಾಡಿದರು. ಹೆಂಡತಿ ಕಣ್ಣೊರೆಸಿಕೊಂಡಳು, ಆದರೆ ತನ್ನ ಟಿಕೆಟನ್ನು ಭದ್ರವಾಗಿ ಚೀಲಕ್ಕೆ ಸೇರಿಸಿದಳು.

ಕಟ್ಟಡದ ಗೇಟಿನಲ್ಲಿ ಅಧ್ಯಕ್ಷರು ಇಸ್ತ್ರಿ ಮಾಡಿದ ಹಳೆಯ ಯೂನಿಫಾರಂ ತೊಟ್ಟು ಕಾಯುತ್ತಿದ್ದರು. ಕೈಯಲ್ಲೊಂದು ಕ್ಯಾನು.

"ನಿಮ್ಮ ಸೀಟು ನನಗೇ ಬಂತಂತೆ, ಬೇಜಾರು ಮಾಡ್ಕೋಬೇಡಿ," ಎಂದರು. "ನೋಡಿ, ಅದೇ ಗೇರ್ ಎಣ್ಣೆ ಇನ್ನೊಂದು ಕ್ಯಾನ್ ಸಿಕ್ತು. ಹೇಗೂ ಹೋಗ್ತಿದ್ದೀನಲ್ಲ, ಪೈಲಟ್ ಕೈಗೇ ಕೊಟ್ಟುಬಿಡ್ತೀನಿ."